ಕಡಲಿಂದ ಕಡಲಿಗೆ ನಡೆದ ನಮ್ಮ ಕಂಡಕ್ಟರು

ಹೋದ ವಾರ ಚಳ್ಳಕೆರೆಯಲ್ಲಿ ಒಬ್ಬರ ತಿಥಿ ಊಟ ಮಾಡಿ ಬಂದೆ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಎಣ್ಣೆ ಮಿಲ್ಲಿನ ಹಮಾಲರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಪುಣ್ಯಾತ್ಮ, ಒಬ್ರನ್ನೂ ಅರ್ಧ ದಾರೀಲಿ ಇಳಿಸ್ಲಿಲ್ಲ ಕಣ್ರಿ" ಎಂದರು. ಎದುರಿಗಿದ್ದ ಅಜ್ಜಿ ಎಲೆಯಿಂದ ತಲೆ ಎತ್ತದೆ, "ಒಬ್ರನ್ನೂ ಕೂರುಸ್ಲೂ ಇಲ್ಲ ಬಿಡಪ್ಪ" ಎಂದರು. ಪಂಕ್ತಿ ಪಂಕ್ತಿಯೇ ನಕ್ಕಿತು. ಒಳಗಿನಿಂದ ಸಾರಿನ ಪಾತ್ರೆ ತರುತ್ತಿದ್ದ, ತೀರಿಕೊಂಡವರ ಹೆಂಡತಿಯೂ ನಕ್ಕರು. ಇಬ್ಬರು ಹೇಳಿದ್ದೂ ನಿಜವಾಗಿತ್ತು.

ತೀರಿಕೊಂಡವರು ಚಳ್ಳಕೆರೆ–ಮೊಳಕಾಲ್ಮೂರು ರಸ್ತೆಯಲ್ಲಿ ಓಡುತ್ತಿದ್ದ ಖಾಸಗಿ ಬಸ್ಸೊಂದರ ಕಂಡಕ್ಟರು. ನಾನು ಮೊಳಕಾಲ್ಮೂರಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದ ಮೇಷ್ಟ್ರು. ಮನೆ ಮಾತ್ರ ಚಳ್ಳಕೆರೆಯಲ್ಲಿ, ಅವರ ಮನೆಯ ಹಿಂದಿನ ಬೀದಿಯಲ್ಲಿ. ಬೆಳಿಗ್ಗೆ ಅವರ ಬಸ್ಸಿನಲ್ಲಿ ಹೋಗುವುದು, ಸಂಜೆ ಅವರ ಬಸ್ಸಿನಲ್ಲೇ ಬರುವುದು, ಹೀಗೇ ನನ್ನ ನೌಕರಿ ಮುಗಿಯಿತು. ಎತ್ತರದ ಆಳು. ತಲೆ ಬಸ್ಸಿನ ಸೂರಿಗೆ ತಗುಲುತ್ತಿದ್ದರಿಂದ ಕತ್ತನ್ನು ಬಲಕ್ಕೆ ವಾಲಿಸಿ ನಿಲ್ಲುತ್ತಿದ್ದರು. ಬಸ್ಸಿಂದ ಇಳಿದ ಮೇಲೂ ಆ ಕತ್ತು ನೆಟ್ಟಗಾಗುತ್ತಿರಲಿಲ್ಲ. ಮದುವೆ ಛತ್ರದಲ್ಲಿ ಕಂಡರೂ ಕತ್ತು ವಾಲಿಸಿ, ಕಾಲು ಅಗಲಿಸಿ, ಒಂದು ಕೈಯಲ್ಲಿ ಕಂಬ ಹಿಡಿದೇ ನಿಂತಿರುತ್ತಿದ್ದರು. ಛತ್ರ ಯಾವ ಗಳಿಗೆಯಲ್ಲಿ ತಿರುವು ತೆಗೆದುಕೊಳ್ಳುತ್ತದೋ ಎನ್ನುವ ಹಾಗೆ.

ಜನರ ಹೆಸರು ಅವರ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಹತ್ತುವ ಊರು, ಜೊತೆಗೆ ಒಂದು ಗುರುತು, ಅಷ್ಟೇ. ಒಬ್ಬರು ತಳಕು ಕನ್ನಡಕ, ಇನ್ನೊಬ್ಬರು ಹಾನಗಲ್ ಬುಟ್ಟಿ. ನಾನು ಮುಂದಿನ ಸೀಟು. ನನ್ನ ಮಗಳ ಮದುವೆಗೆ ಬಂದವರು ನನ್ನ ಬೀಗರಿಗೆ ನನ್ನನ್ನೇ ತೋರಿಸಿ, "ಇವರು ನಮ್ಮ ಮುಂದಿನ ಸೀಟು, ಬಹಳ ಒಳ್ಳೇರು" ಎಂದು ಪರಿಚಯ ಮಾಡಿಕೊಟ್ಟಿದ್ದರು. ಬೀಗರು ಇವತ್ತಿಗೂ ಆ ಮಾತಿನ ಅರ್ಥ ಕೇಳುತ್ತಾರೆ.

ಬಸ್ಸು ತುಂಬಿತು ಎಂದು ಅವರು ಒಪ್ಪಿಕೊಂಡದ್ದನ್ನು ನಾನು ಕಾಣೆ. "ಎಲ್ರೂ ಒಂದ್ಸಲ ಉಸಿರು ಒಳಗೆ ತಗಳ್ರಿ, ಇನ್ನೊಬ್ರು ಬರ್ತಾರೆ" ಎನ್ನುತ್ತಿದ್ದರು. ನಾವೆಲ್ಲ ಉಸಿರು ಎಳೆದುಕೊಳ್ಳುತ್ತಿದ್ದೆವು, ಆ ಸಂದಿನಲ್ಲಿ ನಿಜಕ್ಕೂ ಒಬ್ಬರು ಬಂದು ನಿಲ್ಲುತ್ತಿದ್ದರು. ಒಮ್ಮೆ ಸಂಜೆ ಒಬ್ಬ ಕುಡಿದು ಹತ್ತಿದ್ದ. ಎಲ್ಲಿಗೆ ಎಂದರೆ "ಮನೆಗೆ" ಎಂದ. ಯಾವೂರು ಎಂದರೆ ಅಳತೊಡಗಿದ. ಬೇರೆಯವರಾಗಿದ್ದರೆ ದಾರಿಯಲ್ಲಿ ಇಳಿಸಿಬಿಡುತ್ತಿದ್ದರು. ಇವರು ಅವನ ಅಂಗಿಯ ಕಾಲರ್ ಹಿಡಿದು ನೆಟ್ಟಗೆ ನಿಲ್ಲಿಸಿಕೊಂಡು, ಪ್ರತಿ ಊರಿನಲ್ಲೂ ಬಾಗಿಲಿಂದ ಅವನ ಮುಖ ಹೊರಗೆ ತೋರಿಸಿ, "ಈ ಮನುಷ್ಯ ನಿಮ್ದೇನ್ರೀ?" ಎಂದು ಕೇಳುತ್ತಾ ಬಂದರು. ಕೊನೆಗೆ ಒಂದು ಹಟ್ಟಿಯ ಗೇಟಿನಲ್ಲಿ ಹೆಂಗಸೊಬ್ಬಳು, "ನಮ್ದೇ, ಇಳಿಸ್ರಿ" ಎಂದಳು. ದನಿಯಲ್ಲಿ ಸಂತೋಷವೇನೂ ಇರಲಿಲ್ಲ.

ಇಂಥ ಮನುಷ್ಯನ ಕಾಲು ಕೆಟ್ಟಿತು. ವರ್ಷಗಟ್ಟಲೆ ನಿಂತು ನಿಂತು ಮೀನಖಂಡದ ನರಗಳು ಗಂಟು ಕಟ್ಟಿದ್ದವು. ಡಾಕ್ಟರು ನೋಡಿ, ನಿಲ್ಲುವುದನ್ನು ಬಿಡಿ, ನಡೆಯಿರಿ ಎಂದರು. "ಎಲ್ಲಿಗೆ ನಡೀಲಿ?" ಎಂದು ಇವರು ಕೇಳಿದರು. ಹೊರಗೆ ಬಹಳ ಜನ ಕಾಯುತ್ತಿದ್ದರು. ಡಾಕ್ಟರು, "ಎಲ್ಲಿಗಾದ್ರೂ ನಡೀರಿ" ಎಂದುಬಿಟ್ಟರು. ಮುಂದೆ ಆದದ್ದಕ್ಕೆಲ್ಲ ಆ ಡಾಕ್ಟರೇ ಕಾರಣ ಎಂದು ಕಂಡಕ್ಟರ ಹೆಂಡತಿ ಈಗಲೂ ನಂಬಿದ್ದಾರೆ.

ಬಸ್ಸಿನ ಮಾಲೀಕರು ಶಾಲು ಹೊದಿಸಿ ಅವರನ್ನು ಮನೆಗೆ ಕಳಿಸಿದ ಕೆಲವು ತಿಂಗಳಿಗೆ ನಾನೂ ನಿವೃತ್ತನಾದೆ. ನನ್ನ ಶಾಲೆಯವರು ಹಾರದ ಜೊತೆಗೆ ತರಗತಿಯ ಹಳೆಯ ಭಾರತದ ಭೂಪಟವನ್ನೂ ಸುತ್ತಿ ಕೊಟ್ಟಿದ್ದರು. ಅದನ್ನು ನಮ್ಮ ಪಡಸಾಲೆಯ ಗೋಡೆಗೆ ಹಾಕಿದ್ದೆ. ಒಂದು ದಿನ ಚಹಾಕ್ಕೆ ಬಂದ ಕಂಡಕ್ಟರು ಕೂರದೆ, ಭೂಪಟದ ಮುಂದೆ ಕತ್ತು ವಾಲಿಸಿ ನಿಂತು, ಈ ಕಡಲಿನಿಂದ ಆ ಕಡಲಿಗೆ ಹೆಬ್ಬೆರಳು ಕಿರುಬೆರಳು ಅಗಲಿಸಿ ಅಳೆದರು.

"ಮೇಷ್ಟ್ರೇ, ಉದ್ದಕ್ಕೆ ನೋಡಿದ್ರೆ ದೇಶ ಬಹಳ ಐತೆ. ಅಡ್ಡಕ್ಕೆ ನೋಡ್ರಿ, ಒಂದು ಗೇಣೂ ಇಲ್ಲ."

"ಅದು ಭೂಪಟ ಕಣ್ರಿ."

"ಇರ್ಲಿ. ಅಡ್ಡ ನಡೆದುಬಿಡಾಣ. ಹೊನ್ನಾವರದ ಕಡಲಿಂದ ಶುರು ಮಾಡಿ, ನೆಲ್ಲೂರಿನ ಕಡಲಿಗೆ ಕಾಲು ಅದ್ದಾದು. ನಮ್ಮೂರು ಮಧ್ಯದಾಗೆ ಸಿಗ್ತೈತೆ."

ನಾನು ತಮಾಷೆ ಎಂದುಕೊಂಡು ಹೂಂ ಎಂದೆ. ಮಾರನೆಯ ದಿನ ಅವರು ನನಗೂ ಸೇರಿಸಿ ಎರಡು ಟೋಪಿ, ಎರಡು ಊರುಗೋಲು ತಂದಿದ್ದರು. ನನ್ನ ಹೆಂಡತಿ ಬೇಡ ಅನ್ನುತ್ತಾಳೆ ಎಂದು ಕಾದೆ. ನಿವೃತ್ತನಾದ ಮೇಲೆ ಇಡೀ ದಿನ ಮನೆಯಲ್ಲಿ ಕೂತು ಅವಳ ಒಗ್ಗರಣೆಗೆ ಸಲಹೆ ಕೊಡುತ್ತಿದ್ದೆನಾದ್ದರಿಂದ ಅವಳು, "ಹೋಗಿ ಬನ್ನಿ, ನಿಧಾನವಾಗೇ ಬನ್ನಿ" ಎಂದಳು. ಕಂಡಕ್ಟರ ಹೆಂಡತಿಯ ಪ್ರತಿಕ್ರಿಯೆ ಬೇರೆ ತರಹದ್ದು. ಅವರು ಕುರಿ ಮೇಯಿಸುವ ಮನೆಯ ಮಗಳು. ಮದುವೆಯಾಗುವವರೆಗೆ ಅಪ್ಪನ ಕುರಿಗಳ ಹಿಂದೆ ಆಂಧ್ರದ ಹೊಲಗಳವರೆಗೆ ನಡೆದವರು. "ಕಾಲಿದ್ದೋರು ನಡೀತಾರೆ, ಅದರಾಗೇನು ಸಾಹಸ ಐತೆ? ನಾನು ನಡೆದು ನಡೆದು ಸಾಕಾಗಿ, ಬಸ್ಸಿನೋನು ಅಂತ ನಿಮ್ಮನ್ನ ಮದ್ವೆ ಆದೆ" ಎಂದು ಗಂಡನ ಮುಖಕ್ಕೇ ಹೇಳಿದರು.

ಮಳೆಗಾಲ ಮುಗಿದ ಮೇಲೆ ಇಬ್ಬರೂ ಬಸ್ಸಿನಲ್ಲಿ ಹೊನ್ನಾವರಕ್ಕೆ ಹೋಗಿ, ಕಡಲಿಗೆ ಕಾಲು ತೋಯಿಸಿ, ಅದಕ್ಕೆ ಬೆನ್ನು ಮಾಡಿ ಹೊರಟೆವು. ಕಂಡಕ್ಟರು ಹೊಸ ಶೂ ಹಾಕಿದ್ದರು. ಘಟ್ಟದ ಅರ್ಧಕ್ಕೆ ಶೂ ಅವರನ್ನು ಕಚ್ಚಿ, ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದವು. ಮುಂದಿನ ಊರಿನಲ್ಲಿ ಒಂದು ಜೊತೆ ರಬ್ಬರ್ ಚಪ್ಪಲಿ ಕೊಂಡು, ಶೂಗಳನ್ನು ದಾರದಲ್ಲಿ ಕಟ್ಟಿ ಕತ್ತಿಗೆ ನೇತುಹಾಕಿಕೊಂಡರು. ಎಸೆಯಲು ಮನಸ್ಸಿಲ್ಲ, ಹಾಕಲು ಧೈರ್ಯವಿಲ್ಲ. ನೋಡಿದವರು ಇದೇನೋ ಹರಕೆ ಎಂದುಕೊಂಡು ಕೈಮುಗಿಯುತ್ತಿದ್ದರು.

ಅವರು ಎಂದೂ ನನ್ನ ಮುಂದೆ ನಡೆಯಲಿಲ್ಲ. ಎಲ್ಲರೂ ಹತ್ತಿದ ಮೇಲೆ ಹತ್ತಿದ ಅಭ್ಯಾಸ. ನಾಲ್ಕು ಹೆಜ್ಜೆ ಹಿಂದೆ ನಿಂತು ನನ್ನನ್ನು ಓಡಿಸುತ್ತಿದ್ದರು. ಲಾರಿ ಬಂದರೆ, "ಎಡಕ್ಕೆ, ಎಡಕ್ಕೆ, ಬರ್ಲಿ, ಬರ್ಲಿ, ಸಾಕು!" ಎಂದು ಕೂಗಿ ಊರುಗೋಲಿನಿಂದ ನನ್ನ ಚೀಲದ ಮೇಲೆ ಎರಡು ಬಡಿಯುತ್ತಿದ್ದರು. ಮೊದಲ ದಿನಗಳಲ್ಲಿ ಸಿಟ್ಟು ಬಂತು. ಒಂದು ವಾರ ಕಳೆಯುವಷ್ಟರಲ್ಲಿ ಅವರು ಬಡಿದ ಹೊರತು ನನಗೆ ನಿಲ್ಲಲೂ ಬರುತ್ತಿರಲಿಲ್ಲ, ಹೊರಡಲೂ ಬರುತ್ತಿರಲಿಲ್ಲ.

ನಡಿಗೆಗೆ ದೊಡ್ಡ ಅಡ್ಡಿ ಬೆಟ್ಟವೂ ಅಲ್ಲ, ಬಿಸಿಲೂ ಅಲ್ಲ, ಬಸ್ಸುಗಳು. ಎರಡು ಬಿಳಿ ತಲೆ ಚೀಲ ಹೊತ್ತು ರಸ್ತೆ ಬದಿಯಲ್ಲಿ ಹೋಗುವುದನ್ನು ಕಂಡರೆ ನಮ್ಮ ಡ್ರೈವರುಗಳು ಸಹಿಸುವುದಿಲ್ಲ. ನಿಲ್ಲಿಸಿಯೇ ನಿಲ್ಲಿಸುತ್ತಾರೆ. "ಹತ್ರಿ ಯಜಮಾನ್ರೇ." "ಬೇಡಪ್ಪ, ನಡೀತೀವಿ." "ಯಾಕ್ರೀ, ನಮ್ ಬಸ್ಸಿಗೇನಾಗೈತೆ?" ಬೇಡ ಎಂದರೆ ಅವರಿಗೆ ಅವಮಾನ. ಹೊಳಲ್ಕೆರೆಯ ಹತ್ತಿರ ಒಬ್ಬ ಡ್ರೈವರ್ ಸಿಟ್ಟಿನಿಂದ ಇಂಜಿನ್ ಆಫ್ ಮಾಡಿ ಕೆಳಗಿಳಿದೇ ಬಿಟ್ಟ. ಕಂಡಕ್ಟರು ಅವನಿಗೆ ಗೌರವದಿಂದ ಎಲ್ಲ ವಿವರಿಸಿದರು. ಆದರೆ ವಿವರಿಸುತ್ತಾ ಅವರ ಕಣ್ಣು ಕಿಟಕಿಗಳ ಮೇಲೇ ಇತ್ತು. ಬಸ್ಸು ಹೋದ ಮೇಲೆ ನಿಟ್ಟುಸಿರು ಬಿಟ್ಟು, "ಹಿಂದ್ಗಡೆ ಇನ್ನೂ ಏಳೆಂಟು ಜನಕ್ಕೆ ಜಾಗ ಐತೆ ಮೇಷ್ಟ್ರೇ. ತುಂಬಕ್ಕೆ ಬರಲ್ಲ ಇವ್ರಿಗೆ" ಎಂದರು.

ಊರೂರಿನಲ್ಲೂ ಜನ ಎಲ್ಲಿಗೆ ಎಂದು ಕೇಳುತ್ತಿದ್ದರು. ಕೇಳಿದ್ದೇ ತಡ, ಕಂಡಕ್ಟರ ಕತ್ತು ಕೂಡ ಸ್ವಲ್ಪ ನೆಟ್ಟಗಾಗುತ್ತಿತ್ತು. ಪಡುಗಡಲು, ಮೂಡುಗಡಲು, ನಡುವೆ ಹೆಜ್ಜೆ ಬಿಡದೆ ನಾವು ಎಂದು ಶುರು ಮಾಡಿದರೆ ಅಂಗಡಿಯವನು ತೂಕ ಹಾಕುವುದನ್ನು ಮರೆಯುತ್ತಿದ್ದ. ಕೇಳದವರಿಗೂ ಹೇಳುತ್ತಿದ್ದರು. ಹೊಲದಲ್ಲಿ ಶೇಂಗಾ ಕೀಳುತ್ತಿದ್ದವರನ್ನು ಬದುವಿಗೆ ಕರೆದು ಹೇಳುತ್ತಿದ್ದರು. ಹೇಳಿದ ಮೇಲೆ ಊಟ ಬರುತ್ತಿತ್ತು. ನಡೆದುಕೊಂಡು ಬಂದವರನ್ನು ಉಪವಾಸ ಕಳಿಸುವ ಜನ ನಮಗೆ ದಾರಿಯಲ್ಲಿ ಸಿಗಲೇ ಇಲ್ಲ. ಮಂಡಕ್ಕಿ, ಮುದ್ದೆ, ಹುರುಳಿ ಸಾರು, ಕೆಲವು ಕಡೆ ಮದುವೆಗೆ ಮಾಡಿದ್ದ ಲಾಡು. ದೇಶ ಅಡ್ಡ ದಾಟುತ್ತಿದ್ದ ನಾನು ದಪ್ಪಗಾದೆ.

"ಇಷ್ಟು ಯಾಕೆ ಜಂಬ ಕೊಚ್ಕೊಳ್ತೀರಿ?" ಎಂದು ಒಮ್ಮೆ ಚಿತ್ರದುರ್ಗದ ಈಚೆ ಒಂದು ಬೇವಿನ ಮರದಡಿಯಲ್ಲಿ ಕೇಳಿದೆ. ಅವರು ಬೊಬ್ಬೆಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದರು.

"ಜನ್ಮ ಪೂರ್ತಿ ನಾನೇ ಎಲ್ರನ್ನೂ ಎಲ್ಲಿಗೆ, ಎಲ್ಲಿಗೆ ಅಂತ ಕೇಳಿದೀನಿ. ಒಬ್ನಾದ್ರೂ ನೀನೆಲ್ಲಿಗೆ ಹೋಗ್ತೀಯಾ ಅಂತ ನನ್ನ ಕೇಳಿದ್ನೇನ್ರೀ? ನೀವು ಕೇಳಿದ್ರಾ? ದಿನಾ ಹೋಗ್ತಿದ್ದೆ, ದಿನಾ ಬರ್ತಿದ್ದೆ. ಈಗ ಕೇಳ್ತಾವ್ರೆ. ಹೇಳ್ಬಾರ್ದಾ?"

ನಾನು ಎಣ್ಣೆ ಬಾಟಲಿಯ ಮುಚ್ಚಳ ಹಾಕಿದೆ.

ಚಳ್ಳಕೆರೆ ಹತ್ತಿರವಾದಂತೆ ನನಗೆ ಒಂದು ಆತಂಕ ಶುರುವಾಯಿತು. ದಾರಿಯ ನಡುವೆ ಸ್ವಂತ ಮನೆ ಸಿಕ್ಕರೆ ಏನು ಮಾಡುವುದು? ಕಂಡಕ್ಟರು ಇದಕ್ಕೊಂದು ನಿಯಮ ಮಾಡಿದ್ದರು. ಚಳ್ಳಕೆರೆಯೂ ಎಲ್ಲ ಊರುಗಳ ಹಾಗೆ ಒಂದು ಊರು. ಯಾರದಾದರೂ ಜಗಲಿಯಲ್ಲಿ ಕೇಳಿ ಮಲಗಬೇಕು. ಒಳಗೆ ಕಾಲಿಟ್ಟರೆ ನಡಿಗೆ ಅಲ್ಲಿಗೆ ಮುಗಿದಂತೆ. ಸಂಜೆ ಬಿಸಿಲು ಇಳಿಯುವಾಗ ಅವರ ಮನೆಯ ಮುಂದೆ ನಿಂತೆವು. ಹೆಂಡತಿ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಗಂಡ ಕೈಮುಗಿದು, "ದಾರಿಹೋಕರು ತಾಯಿ. ಇವತ್ತೊಂದಿನ ಜಗಲಿ ಮೇಲೆ ಮಲಗ್ಬಹುದಾ?" ಎಂದು ಕೇಳಿದರು.

ಆಕೆ ಮೊರದಿಂದ ತಲೆ ಎತ್ತಿ, ಕತ್ತಿನಲ್ಲಿ ತೂಗುತ್ತಿದ್ದ ಶೂಗಳಿಂದ ಹಿಡಿದು ರಬ್ಬರ್ ಚಪ್ಪಲಿಯವರೆಗೆ ನೋಡಿದರು.

"ನಮ್ಮನೆ ಯಜಮಾನ್ರು ಊರಾಗಿಲ್ಲ ಕಣಪ್ಪ. ಗಂಡಸ್ರಿಲ್ದಾಗ ಗುರ್ತಿಲ್ದೋರ್ನ ಮಲಗಿಸ್ಕೊಳ್ಳಲ್ಲ. ಮುಂದಿನ್ ಮನೆ ನೋಡ್ಕೊ."

ನಾನು ನಗು ತಡೆಯಲಾರದೆ ಬೀದಿಗೆ ಮುಖ ತಿರುಗಿಸಿದೆ. ಕಂಡಕ್ಟರು ಮಾತ್ರ ಪಟ್ಟು ಬಿಡಲಿಲ್ಲ. "ನಿಮ್ಮ ಯಜಮಾನ್ರು ಒಳ್ಳೇರು ಅಂತ ಕೇಳಿದೀವಿ ತಾಯಿ. ಏನೂ ಅನ್ನಲ್ಲ."

"ಯಾರು ಹೇಳಿದ್ರು ನಿಮ್ಗೆ? ಸುಳ್ಳು ಹೇಳವ್ರೆ" ಎಂದು ಆಕೆ ಮೊರ ಎತ್ತಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಂದು ಚಾಪೆ ಹೊರಗೆ ಬಂದು ಬಿತ್ತು, ಅದರ ಹಿಂದೆ ಒಂದು ಕಂಬಳಿ. ಅಷ್ಟು ನೋಡಿ ನಾನು ನಮ್ಮ ಮನೆಗೆ ಹೋದೆ. ನಿಯಮ ಅವರದು, ನನ್ನದಲ್ಲ. ನಾನು ಮಂಚದ ಮೇಲೇ ಮಲಗಿದೆ.

ಬೆಳಿಗ್ಗೆ ಹೋಗಿ ನೋಡಿದರೆ ಜಗಲಿಯ ಮೇಲೆ ಕಂಡಕ್ಟರು ಚೀಲ ಕಟ್ಟುತ್ತಿದ್ದಾರೆ, ಬಾಗಿಲಿಗೆ ಬೀಗ ಬಿದ್ದಿದೆ, ಆಕೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಗಂಟು ತಲೆಯ ಮೇಲೆ ಇಟ್ಟುಕೊಂಡು ಬೀದಿಯಲ್ಲಿ ನಿಂತಿದ್ದಾರೆ.

"ಮೊಳಕಾಲ್ಮೂರಿನವರೆಗೆ ಬರ್ತೀನಿ. ನನ್ ತಮ್ಮನ್ನ ನೋಡಿ ಬಹಳ ದಿನ ಆತು."

"ಬಸ್ಸಿಗೆ ಹೋಗು. ಹೆಂಗಸ್ರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಐತಲ್ಲ" ಎಂದರು ಗಂಡ.

"ಪುಕ್ಕಟೆ ಬಸ್ಸು ನಾಳೇನೂ ಇರ್ತೈತೆ. ನೀವು ಇರ್ತೀರೋ ಇಲ್ವೋ ನೋಡಾಕೆ ಬಂದಿದೀನಿ. ಆ ಕಾಲು ನೋಡಿದ್ರಾ ನಿಮ್ದು?"

ಹೊರಟ ಮೇಲೆ ಆಕೆ ರಸ್ತೆ ಬೇಡ ಎಂದರು. ತಾನು ಚಿಕ್ಕಂದಿನಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ ದಾರಿ ಇದೆ, ಕುದಾಪುರದ ಕಾವಲಿನಲ್ಲಿ ಹಾಯ್ದು ನಾಯಕನಹಟ್ಟಿ ಮೇಲೆ ಹೋದರೆ ಹುಲ್ಲಿನ ಮೇಲೇ ನಡಿಗೆ, ಕಾಲಿಗೂ ಹಿತ ಎಂದರು. ಕಂಡಕ್ಟರಿಗೆ ಅವರ ರಸ್ತೆಯ ಹೊರತು ಬೇರೆ ದಾರಿ ಗೊತ್ತಿರಲಿಲ್ಲ. ಆಕೆ ಮುಂದೆ, ನಾನು ನಡುವೆ, ಅವರು ಹಿಂದೆ. ಗಾಳಿಗೆ ಹುಲ್ಲು ಬಾಗುತ್ತಿದ್ದುದನ್ನು ನೋಡುತ್ತಾ ಹಾಯಾಗಿ ಹೋಗುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಒಂದು ಗೋಡೆ ಎದುರಾಯಿತು. ಕಾವಲಿನಲ್ಲಿ ಎದ್ದಿದ್ದ ಸರ್ಕಾರಿ ಸಂಶೋಧನಾ ಕೇಂದ್ರದ್ದು, ಮೇಲೆ ಮುಳ್ಳುತಂತಿ. ಆ ಕಡೆ ನೋಡಿದರೆ ಗೋಡೆ, ಈ ಕಡೆ ನೋಡಿದರೂ ಗೋಡೆ. ಆಕೆ ಗಂಟು ಇಳಿಸಿ, ಗೋಡೆಯನ್ನು ಕೈಯಿಂದ ತಟ್ಟಿ ನೋಡಿದರು.

"ಇಲ್ಲೇ ಇತ್ತು ದಾರಿ."

"ಈಗ್ಲೂ ಐತೆ, ಒಳಗೈತೆ" ಎಂದರು ಗಂಡ.

ಗೋಡೆ ಹಿಡಿದು ನಡೆಯತೊಡಗಿದೆವು. ಮಧ್ಯಾಹ್ನವಾಯಿತು, ಗೋಡೆ ಮುಗಿಯಲಿಲ್ಲ. ಕೊನೆಗೆ ಒಂದು ಗೇಟು ಸಿಕ್ಕಿ, ಅಲ್ಲಿಂದ ಕಾವಲುಗಾರನೊಬ್ಬ ಓಡಿ ಬಂದ. ಉತ್ತರದ ಕಡೆಯ ಹುಡುಗ, ಕನ್ನಡ ಬಾರದು. ಗೋಡೆಯನ್ನೇ ತಟ್ಟಿ ತಟ್ಟಿ ನೋಡುತ್ತಾ ಬರುವ ಮೂವರನ್ನು ಕಂಡು ಅವನಿಗೆ ಗಾಬರಿಯಾಗಿತ್ತು. ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದ. ಚಳ್ಳಕೆರೆಯ ಮಾರ್ಕೆಟ್ಟಿನ ಸಾಬರಿಂದ ಕಲಿತ ಹಿಂದಿ ಕಂಡಕ್ಟರಿಗಿತ್ತು. ಕತ್ತು ನೆಟ್ಟಗೆ ಮಾಡಿ, "ಸಮುಂದರ್ ಕೋ", ಕಡಲಿಗೆ, ಎಂದರು.

ಹುಡುಗ ನಾಲ್ಕೂ ದಿಕ್ಕಿಗೆ ತಿರುಗಿ ನೋಡಿದ. ಹುಲ್ಲು, ಬಂಡೆ, ಜಾಲಿ ಗಿಡ. "ಇಧರ್ ಸಮುಂದರ್ ನಹೀ ಹೈ" ಎಂದ, ಬಹಳ ಮರುಕದಿಂದ.

"ಮಾಲೂಮ್ ಹೈ ಬೇಟಾ. ಆಗೇ ಹೈ." ಗೊತ್ತು, ಕಡಲು ಮುಂದಿದೆ ಎಂದರ್ಥ.

ಹುಡುಗ ನಮ್ಮ ಆಧಾರ್ ಕಾರ್ಡುಗಳನ್ನು ನೋಡಿದ, ಫೋನಿನಲ್ಲಿ ಯಾರನ್ನೋ ಕೇಳಿದ. ಆಮೇಲೆ ತಣ್ಣಗಿನ ನೀರು ಕೊಟ್ಟು, ಬಂದ ದಿಕ್ಕಿಗೇ ಕೈ ತೋರಿಸಿದ. ಆ ಕಡೆಯಿಂದ ಸುತ್ತಿದ್ದರೆ ಹತ್ತಿರವಾಗುತ್ತಿತ್ತಂತೆ. ಆಕೆ ಗಂಡನ ಮುಖ ನೋಡಲಿಲ್ಲ. ಗಂಡ ಮಾತ್ರ ಸಂಜೆಯವರೆಗೆ, ದಾರಿಯಲ್ಲಿ ಸಿಕ್ಕ ಪ್ರತಿ ಕಲ್ಲುಬಂಡೆಯನ್ನೂ ಊರುಗೋಲಿನಿಂದ ತಟ್ಟಿ, "ಇಲ್ಲೇನಾದ್ರೂ ದಾರಿ ಇತ್ತೇನೇ?" ಎಂದು ಕೇಳುತ್ತಾ ಬಂದರು.

ಆ ಸುತ್ತಿನಲ್ಲಿ ಅವರ ಕಾಲು ಸೋತಿತು. ಬೊಬ್ಬೆಗಳು ಒಡೆದು ಹಿಮ್ಮಡಿ ಹುಣ್ಣಾಗಿತ್ತು, ಮೀನಖಂಡ ಊದಿ ಗಟ್ಟಿಯಾಗಿತ್ತು. ಮೊಳಕಾಲ್ಮೂರು ಮುಟ್ಟುವ ಹೊತ್ತಿಗೆ ಒಂದು ಕೈ ಊರುಗೋಲಿನ ಮೇಲೆ, ಒಂದು ಕೈ ನನ್ನ ಹೆಗಲ ಮೇಲೆ. ತಮಾಷೆ ನಿಂತುಹೋಗಿತ್ತು. ಅಂಗಡಿಯವರು ಎಲ್ಲಿಗೆ ಎಂದರೂ ಕತ್ತು ನೆಟ್ಟಗಾಗುತ್ತಿರಲಿಲ್ಲ. ನೇಯ್ಗೆಯವರ ಬೀದಿ ದಾಟಿ ಬಸ್ ನಿಲ್ದಾಣಕ್ಕೆ ಬಂದಾಗ ಅವರದೇ ಹಳೆಯ ಬಸ್ಸು ಚಳ್ಳಕೆರೆಗೆ ಹೊರಡಲು ನಿಂತಿತ್ತು. ಹಳೆಯ ಡ್ರೈವರು ಇಳಿದು ಓಡಿ ಬಂದ. ಕಾಲು ನೋಡಿ ಅವನ ಮುಖ ಸಣ್ಣದಾಯಿತು.

"ಅಣ್ಣ, ಸಾಕು ಮಾಡು. ಹತ್ತು, ಮನೆ ಬಾಗಿಲಿಗೇ ಬಿಡ್ತೀನಿ."

ಕಂಡಕ್ಟರು ಹೆಂಡತಿಯನ್ನು ನೋಡಿದರು. ಆಕೆ, "ನಿಮ್ಮಿಷ್ಟ. ನಾನಂತೂ ಬ್ಯಾಡ ಅನ್ನಲ್ಲ" ಎಂದರು. ನನ್ನನ್ನು ನೋಡಿದರು. ಮಂಚ ನೆನಪಾಗಿ ನಾನು ನೆಲ ನೋಡಿದೆ. "ಆತು ಬಿಡ್ರಿ" ಎಂದು ಅವರು ಕಂಬಿ ಹಿಡಿದು ಬಸ್ಸು ಹತ್ತಿದರು. ನಾವಿಬ್ಬರೂ ಚೀಲಗಳನ್ನು ಜೋಡಿಸಿಕೊಂಡು ಹತ್ತಬೇಕು ಎನ್ನುವಷ್ಟರಲ್ಲಿ ಒಳಗೆ ಏನೋ ಆಗುತ್ತಿರುವುದು ಕೇಳಿಸಿತು.

ಅವರು ಸೀಟಿನಲ್ಲಿ ಕೂತಿರಲಿಲ್ಲ. ಹಿಂದಿನ ಬಾಗಿಲಲ್ಲಿ ನಿಂತಿದ್ದರು. ಹೊಸ ಕಂಡಕ್ಟರ್ ಹುಡುಗ ಟಿಕೆಟ್ ಮಿಷನ್ನು ಹಿಡಿದು ಪಕ್ಕಕ್ಕೆ ಸರಿದು ನಗುತ್ತಿದ್ದ. "ಹಾನಗಲ್, ತಳಕು, ಚಳ್ಳಕೆರೆ, ಚಳ್ಳಕೆರೆ! ಬಾರವ್ವ ಬಾ, ಬುಟ್ಟಿ ಮೇಲಾಕು. ಅಜ್ಜ, ಒಳಗೆ ಸರಿ. ಲೇ ತಮ್ಮ, ಆ ಚೀಲ ತೊಡೆ ಮೇಲಿಟ್ಕಳ್ಳೋ, ಅದಕ್ಕೂ ಟಿಕೆಟ್ ತಗಂಡಿದ್ಯಾ?" ಜನ ಬರುತ್ತಲೇ ಇದ್ದರು. ಸೀತಾಫಲದ ಬುಟ್ಟಿಗಳು, ಸೀರೆಯ ಗಂಟುಗಳು, ಆಸ್ಪತ್ರೆಗೆ ಹೊರಟವರು. ಎಲ್ಲರೂ ಉಸಿರು ಒಳಗೆ ಎಳೆದುಕೊಂಡರು. ನಾವು ಕೆಳಗೇ ನಿಂತಿದ್ದೆವು. ಬಸ್ಸಿನಲ್ಲಿ ಒಂದು ಕಾಲಿಡಲೂ ಜಾಗ ಉಳಿಯಲಿಲ್ಲ. ಕಡೆಗೆ ತುಂಬು ಬಸುರಿಯೊಬ್ಬಳು ಅವ್ವನ ಜೊತೆ ಓಡೋಡಿ ಬಂದಳು. ಕಂಡಕ್ಟರು ಒಳಗೆ ನೋಡಿದರು, ಅವಳನ್ನು ನೋಡಿದರು. ಇನ್ನಿದ್ದದ್ದು ತಾನು ನಿಂತ ಜಾಗ ಒಂದೇ. ಊದಿದ ಕಾಲನ್ನು ಮೊದಲು ಕೆಳಗಿಟ್ಟು ಇಳಿದರು, ಅವರಿಬ್ಬರನ್ನೂ ಹತ್ತಿಸಿದರು, ಮುಂದೆ ಕೂತಿದ್ದ ಹುಡುಗನೊಬ್ಬನನ್ನು ಹೆಸರಿಲ್ಲದೆ ಬೈದು ಎಬ್ಬಿಸಿ ಬಸುರಿಗೆ ಸೀಟು ಮಾಡಿಸಿದರು, ಬಸ್ಸಿನ ತಗಡಿನ ಮೇಲೆ ಎರಡು ಬಡಿದರು. ಬಸ್ಸು ಹೋಯಿತು.

ಧೂಳು ಇಳಿದ ಮೇಲೆ ಅವರಿಗೆ ಏನಾಯಿತೆಂದು ಅರ್ಥವಾಯಿತು. ಸಿಕ್ಕಿಬಿದ್ದ ಹುಡುಗನ ಹಾಗೆ ಹೆಂಡತಿಯ ಕಡೆ ತಿರುಗಿದರು. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು; ನಗುತ್ತಾ ನಗುತ್ತಾ ನಿಲ್ದಾಣದ ಕಟ್ಟೆಯ ಮೇಲೆ ಕೂತೇಬಿಟ್ಟರು.

"ಮನೆಗೆ ಹೋಗೋನು ಹಿಂಗೆ ತುಂಬಿಸ್ತಾನೇನ್ರೀ! ಬರ್ರಿ, ತಮ್ಮನ ಮನೇಲಿ ಕಾಲು ಮೇಲಿಟ್ಕಂಡು ಬಿದ್ಕೊಳ್ರಿ. ಊತ ಇಳಿದ್ಮೇಲೆ ನೋಡಾಣ."

ತಮ್ಮನ ಮನೆಯಲ್ಲಿ ಮಗ್ಗದ ಸದ್ದಿನ ನಡುವೆ ಅವರನ್ನು ಮಲಗಿಸಿ, ಆಕೆ ದಿನವೂ ಬಿಸಿನೀರಿನಲ್ಲಿ ಹುಣ್ಣು ತೊಳೆದರು. ಮೊಳಕಾಲ್ಮೂರಿನ ಡಾಕ್ಟರೊಬ್ಬರ ಮುಲಾಮು, ಮಾತ್ರೆಗಳೂ ಸೇರಿದವು. ಊತ ಇಳಿಯಿತು. ಹೊರಡುವ ದಿನ ಬೆಳಿಗ್ಗೆ ಆಕೆ ಮತ್ತೆ ಗಂಟು ತಲೆಗೇರಿಸಿಕೊಂಡು ಬಾಗಿಲಲ್ಲಿದ್ದರು. ಇಲ್ಲಿವರೆಗೆ ಎಂದಿದ್ದರಲ್ಲ ಎಂದು ನಾನು ನೆನಪಿಸಿದೆ. "ನಾನು ಬರ್ದಿದ್ರೆ ಮುಂದಿನ್ ಬಸ್ ನಿಲ್ದಾಣದಾಗೆ ನಿಂತ್ಕಂಡು ಜನ ತುಂಬಿಸ್ತಾ ಇರ್ತಾರೆ ಮೇಷ್ಟ್ರೇ. ಕಡಲು ಯಾವಾಗ ಕಾಣಾದು?" ಎಂದರು. ಒಂದು ಕರಾರು ಹಾಕಿದರು: ಎಷ್ಟು ದೂರ, ಎಲ್ಲಿ ಮಲಗುವುದು ಎಂಬುದನ್ನು ತಾನು ಹೇಳಬೇಕು. ನಾವು ಒಪ್ಪಿದೆವು.

ರಾಯದುರ್ಗ ದಾಟಿದ ಮೇಲೆ ಎಲ್ಲ ತೆಲುಗು. ನನಗೆ ತೆಲುಗು ಬಾರದು. ಕಂಡಕ್ಟರಿಗೆ ಬರುತ್ತಿತ್ತು, ಆದರೆ ಅದು ಬಸ್ಸಿನ ತೆಲುಗು. ಹತ್ತಿ, ಇಳಿಯಿರಿ, ಮುಂದೆ ಸರಿಯಿರಿ. ಒಂದು ಮನೆಯಲ್ಲಿ ಬಾಗಿಲಿಗೆ ಬಂದ ಮುದುಕಿಯ ಹತ್ತಿರ ನೀರು ಕೇಳಲು ಹೋಗಿ ಅಭ್ಯಾಸಬಲದಿಂದ "ಲೋಪಲಿಕಿ ಜರಗಂಡಿ" ಎಂದರು. ಒಳಗೆ ಸರಿಯಿರಿ ಎಂದರ್ಥ. ಮುದುಕಿ ಹೆದರಿ ಒಳಗೆ ಸರಿದು ಬಾಗಿಲು ಹಾಕಿಕೊಂಡಳು. ಅವತ್ತಿನಿಂದ ಮಾತೆಲ್ಲ ಆಕೆಯದು. ಕುರಿಯ ಹಿಂದೆ ನಡೆದ ಕಾಲದ ತೆಲುಗು ಆಕೆಗೆ ಮರೆತಿರಲಿಲ್ಲ. ಒಣ ಬೆಟ್ಟಗಳು, ಬಾಯಿ ಸುಡುವ ಮೆಣಸಿನಕಾಯಿ ಚಟ್ನಿ, ಒಂದು ಊರಿನ ನಾಯಿ ನಮ್ಮನ್ನು ಗಡಿಯವರೆಗೆ ಬೊಗಳಿ ಮುಂದಿನ ಊರಿನ ನಾಯಿಗೆ ಒಪ್ಪಿಸುವುದು, ಹೀಗೆ ವಾರಗಳು ಹೋದವು. ಆಕೆ ಬಿಸಿಲೇರುವ ಮುಂಚೆ ನಮ್ಮನ್ನು ಹೊಡೆದುಕೊಂಡು ಹೊರಡುತ್ತಿದ್ದರು, ಮಧ್ಯಾಹ್ನ ನೆರಳಿನಲ್ಲಿ ತರುಬುತ್ತಿದ್ದರು. ನಾವು ಕುರಿಗಳಾಗಿದ್ದೇವೆ ಎಂದು ನಾನು ಕಂಡಕ್ಟರಿಗೆ ಪಿಸುಗುಟ್ಟಿದೆ. "ಸುಮ್ನಿರ್ರಿ, ಮೇವು ಚೆನ್ನಾಗೈತೆ" ಎಂದರು. ಬಾಯಿ ಆಕೆಯದಾದರೂ ಜಂಬ ಮಾತ್ರ ಅವರದೇ. ಎಲ್ಲಿಂದ ಬಂದಿರಿ ಎಂದು ಯಾರಾದರೂ ಕೇಳಿದರೆ, ಆಕೆ ಹೇಳಿ ಮುಗಿಸಿದ ಮೇಲೂ ಅವರು ಕೈಯಿಂದ ಪಡುವಣ ತೋರಿಸಿ, ಎರಡು ಬೆರಳು ನಡೆಸಿ, ಮೂಡಣಕ್ಕೆ ತಂದು ನಿಲ್ಲಿಸುತ್ತಿದ್ದರು.

ಕಡಲು ಕಂಡದ್ದು ಮೋಡ ಕವಿದ ಒಂದು ಬೆಳಿಗ್ಗೆ. ಹಿಂದಿನ ವಾರವೆಲ್ಲ ಗಾಳಿಮಳೆ ಹೊಡೆದು ನೀರು ಕೆಸರಿನ ಬಣ್ಣಕ್ಕೆ ತಿರುಗಿತ್ತು. ದೋಣಿಗಳು ದಡದ ಮೇಲೆ ಬೋರಲು ಬಿದ್ದಿದ್ದವು. ಆಕೆ ಗಂಟು ಇಳಿಸಿ ನೇರ ನೀರಿಗೆ ನಡೆದರು, ಸೀರೆ ತೊಯ್ಯುವುದನ್ನೂ ನೋಡಲಿಲ್ಲ. ಕಂಡಕ್ಟರು ದಡದಲ್ಲಿ ಕಾಲು ಅಗಲಿಸಿ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ರಬ್ಬರ್ ಚಪ್ಪಲಿ ಬಿಟ್ಟು ಅವರೂ ಹೋದರು. ಅಲೆಯೊಂದು ಬಂದು ಇಬ್ಬರನ್ನೂ ಕೂರಿಸಿತು. ಅವರು ಅಷ್ಟು ಸಂತೋಷದಲ್ಲಿ ಕೂತದ್ದನ್ನು ನಾನು ಮೊದಲ ಸಲ ನೋಡಿದೆ.

ಬಟ್ಟೆ ಹಿಂಡಿಕೊಂಡು ಮೇಲೆ ಬಂದಾಗ ತೆಂಗಿನ ಗರಿಯ ಗುಡಿಸಲೊಂದರ ಮುಂದೆ ಬಲೆ ಹರಡಿಕೊಂಡು ಕೂತಿದ್ದ ಬೆಸ್ತರ ಮುದುಕ ನಮ್ಮನ್ನು ಕರೆದ. ಹಿಂದೆ ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಎರಡು ಸಣ್ಣ ಮೊಮ್ಮಕ್ಕಳು ಅವಳ ಸೀರೆ ಹಿಡಿದಿದ್ದವು. ಕೂರಲು ಗೋಣಿ ಹಾಸಿ ಕೊಟ್ಟ. ಯಾವೂರು ಎಂದ. ಚಳ್ಳಕೆರೆ, ಕರ್ನಾಟಕ ಎಂದೆವು. ಅವನ ಹುಬ್ಬು ಮೇಲೇರಿತು. ಅಷ್ಟು ದೂರದಿಂದ ಹೇಗೆ ಬಂದಿರಿ ಎಂದು ಕೇಳಿದ.

ನಾನು ಕಂಡಕ್ಟರ ಕಡೆ ನೋಡಿದೆ. ದಾರಿಯುದ್ದಕ್ಕೂ ಕೇಳದವರಿಗೂ ಹೇಳಿದ ಮಾತು; ಈಗ ಹೇಳಿದರೆ ಅದು ಪೂರ್ತಿ ನಿಜ. ಆಕೆಯೂ ಇದೊಂದು ಸಲ ಗಂಡನೇ ಹೇಳಲಿ ಎಂದು ಸುಮ್ಮನೆ ಕೂತರು.

"ಬಸ್ಸುಲೋ" ಎಂದರು ಕಂಡಕ್ಟರು. ಬಸ್ಸಿನಲ್ಲಿ ಬಂದೆವು.

ಮುದುಕ ತಲೆಯಾಡಿಸಿದ. ಊಟ ಆಯಿತೇ ಎಂದ. "ಆಯಿಂದಿ, ಆಯಿಂದಿ" ಎಂದು ಅವರು ಹೊಟ್ಟೆ ಸವರಿಕೊಂಡು, ಭಾರಿ ಊಟವಾದವರ ಹಾಗೆ ಎದ್ದರು. ಬೆಳಿಗ್ಗೆಯಿಂದ ನಮ್ಮ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ದೋಣಿಗಳನ್ನು ದಾಟುವವರೆಗೆ ನಾನು ತಡೆದುಕೊಂಡೆ. ಆಮೇಲೆ, "ಇದೇನ್ರೀ? ಇಷ್ಟು ನಡೆದದ್ದು ಯಾಕೆ ಹಾಗಾದ್ರೆ?" ಎಂದು ಕೇಳಿಯೇಬಿಟ್ಟೆ.

"ನೀವು ಬಲೆ ನೋಡ್ತಿದ್ರಿ ಮೇಷ್ಟ್ರೇ. ನಮ್ಮನ್ನ ಕಂಡ ತಕ್ಷಣ ಆಯಮ್ಮ ಒಳಗೆ ಹೋಗಿ ಗಡಿಗೆ ಮುಚ್ಚಳ ತೆಗೆದು ನೋಡಿ, ಹಂಗೇ ಮುಚ್ಚಿ ಬಂದ್ಲು. ದೋಣಿ ನೀರಿಗಿಳಿದು ಎಷ್ಟು ದಿನ ಆತೋ. ನಡ್ಕಂಡ್ ಬಂದ್ವಿ ಅಂದಿದ್ರೆ ಉಣ್ಣಾಕೆ ಇಕ್ಕದೆ ಬಿಡ್ತಿದ್ರೇನ್ರೀ?"

ಆಕೆ ಗಂಡನ ಮುಖವನ್ನು ಒಂದು ಕ್ಷಣ ನೋಡಿದರು. ನಂತರ ತನ್ನ ತಲೆಯ ಗಂಟನ್ನು ತೆಗೆದು ಅವರ ತಲೆಯ ಮೇಲಿಟ್ಟು, "ಹೊತ್ಕಳ್ರಿ, ನಂಗೂ ಕೈ ಸೋತೈತೆ" ಎಂದರು. ಹೋಟೆಲಿರುವ ಊರು ಇನ್ನೂ ದೂರವಿತ್ತು. ನಡೆದೆವು.